ಹಳೇ ಸೋವಿ ಮಲ್ಟಿಟೂಲ್ ಮಾರೂದಿದ್ರ: ಇದ್ದಂಗ ಕೊಡೂದೋ, ತಿಕ್ಕಿ ಕೊಡೂದೋ, ಪೂರಾ ಬಿಚ್ಚಿ ಕೊಡೂದೋ

ನನ್ನ ಟೇಬಲ್ ಮ್ಯಾಲೆ ಈಗ ಹನ್ನೊಂದು ಮಲ್ಟಿಟೂಲ್ (ಪಕ್ಕಡ, ಚಾಕು, ಕತ್ತರಿ ಎಲ್ಲಾ ಒಂದರಾಗೇ ಮಡಚಿ ಕಿಸೆದಾಗ ಇಟ್ಕೊಳ್ಳೋ ಸಾಮಾನು) ಅದಾವ, ಒಂದೂ ಹೊಸಾವಲ್ಲ. ನಾಲ್ಕು ಗದಗಿನ ಗುಜರಿಯೊಳಗ ಸಿಕ್ಕಿದ್ವು, ಮೂರು ಸೈಕಲ್ ಗೆಳೆಯಾರು ಹೊಸಾದು ತಗೊಂಡ ಮ್ಯಾಲೆ ನನ್ನ ಕಡೆ ಬಂದ್ವು, ಒಂದು ಕಪ್ಪತಗುಡ್ಡಕ್ಕ ಹೋದಾಗ ಮಳಿಯೊಳಗ ನೆನೆದು ಬ್ಯಾಗಿನ ಮೂಲ್ಯಾಗ ಆರ್ ತಿಂಗಳು ಯಾರೂ ನೋಡದಂಗ ಬಿದ್ದಿತ್ತು, ಉಳಿದಾವು ಹಿಂಗ ಎಲ್ಲೆಲ್ಲಿಂದೋ. ನಾಲ್ಕು ವರ್ಷದಿಂದ ಇಂಥಾವನ್ನ ರಿಪೇರಿ ಮಾಡಿ ನಮ್ಮಂಥಾ ಹವ್ಯಾಸದ ಮಂದಿಗೇ ಮಾರ್ಕೋತ ಬಂದೀನಿ, ಹುಬ್ಬಳ್ಳಿ-ಧಾರವಾಡದಾಗ ಹೆಚ್ಚು, ಗದಗ, ಹಾವೇರಿ, ರಾಣೆಬೆನ್ನೂರಿಗೆ ಆಗಾಗ. ಇದರಾಗ ಲಾಭ ಅಂತ ದೊಡ್ಡದೇನಿಲ್ಲ, ಆದ್ರ ಒಗೆಯೋ ಟೂಲ್ ಒಂದು ಇನ್ನೊಬ್ಬರ ಕಿಸೆದಾಗ ಹತ್ತು ವರ್ಷ ಕೆಲಸ ಮಾಡ್ತೈತಿ ಅಂದ್ರ ನನಗ ಭಾಳ ಖುಷಿ.

ಕೇಳವರು ಎಲ್ಲಾರೂ ಕೇಳೂದು ಒಂದೇ. ನನ್ನ ಕಡೆ ಒಂದು ಹಳೇದೈತಿ, ಇದ್ದಂಗ ಕೊಡ್ಲೋ, ತೊಳದು ಸಾಣಿ ಹಿಡಿದು ಕೊಡ್ಲೋ, ಇಲ್ಲಾ ಪೂರಾ ಬಿಚ್ಚಿ ಹೊಸದರಂಗ ಮಾಡಿ ಕೊಡ್ಲೋ, ಮತ್ತ ಎಲ್ಲಿ ಮಾರ್ಲಿ? ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ: ಸೋವಿ ಟೂಲ್ ಇದ್ರ ಹತ್ತರಾಗ ಏಳೆಂಟಕ್ಕ ನಡುವಿನ ದಾರಿನೇ ಸರಿ, ಅಂದ್ರ ತೊಳಿ, ಬಿಗಿ ಮಾಡು, ಸಾಣಿ ಹಿಡಿ, ಎಣ್ಣಿ ಬಿಡು, ಪರಿಚಯದವರಿಗೆ ಕೈಗೆ ಕೈ ಕೊಡು, ಮತ್ತ ಅದರ ದೋಷ ಮೊದಲು ಹೇಳು, ರೇಟ್ ಆಮ್ಯಾಲೆ ಹೇಳು. ಉಳಿದ ಎರಡು ದಾರಿಗೂ ಅವುಗಳ ಜಾಗಾ ಅದಾವ, ಯಾವಾಗ ಅನ್ನೂದೇ ಈ ಬರಹ.

ಮೊದಲು ಟೂಲ್ ಕೈಯಾಗ ಹಿಡಿದು ಜಾಯಿಂಟ್ ನೋಡ್ರಿ. ಸ್ಕ್ರೂ ಇದ್ದದ್ದೋ, ರಿವೆಟ್ (ಎರಡೂ ಕಡೆ ತಲಿ ಬಡದು ಕೂಡಿಸಿದ ಮೊಳಿ) ಹೊಡದದ್ದೋ? ನಿಮ್ಮ ಮುಂದಿನ ಎಲ್ಲಾ ನಿರ್ಧಾರ ಇದರ ಮ್ಯಾಲೇ ನಿಂತೈತಿ. ಸ್ಕ್ರೂ ತಲಿಯೊಳಗ ಆರು ಮೂಲಿ ನಕ್ಷತ್ರ ಕಾಣಿಸ್ತಂದ್ರ ಅದು ಟಾರ್ಕ್ಸ್, ಹೆಚ್ಚಾಗಿ ಟಿ6, ಟಿ8, ಟಿ10 ಬಿಟ್ ಇದ್ರ ಬಿಚ್ಚಾಕ ಬರತೈತಿ, ಒಳಗಿನ ಹೊಲಸ ತಗೀಬಹುದು, ಸಡಿಲ ಆಗಿದ್ರ ಬಿಗಿ ಮಾಡಬಹುದು, ಮುರಿದ ಬ್ಲೇಡ್ ಇದ್ರ ಅಂಥಾದೇ ಇನ್ನೊಂದು ಸತ್ತ ಟೂಲಿಂದ ತಂದು ಹಾಕಬಹುದು. ನಡುವ ಸಣ್ಣ ಕಡ್ಡಿ ಎದ್ದಿತ್ತಂದ್ರ ಅದು ಸೆಕ್ಯುರಿಟಿ ಟಾರ್ಕ್ಸ್, ಅದಕ್ಕ ನಡುವ ತೂತಿರೋ ಬಿಟ್ ಬೇಕು, ಮೊಬೈಲ್ ರಿಪೇರಿ ಸಾಮಾನು ಮಾರೋ ಅಂಗಡಿಯೊಳಗ ಸೆಟ್ ಸಿಗತಾವ. ರಿವೆಟ್ ಇದ್ದದ್ದು ಬಿಚ್ಚಾಕ ಬರೂದಿಲ್ಲ. ಬರತೈತಿ ಅನ್ನವರು ಅದಾರ, ಡ್ರಿಲ್ ಹೊಡದು ತೆಗೆದು ಬೋಲ್ಟ್ ಹಾಕ್ತಾರ, ಆದ್ರ ಮುನ್ನೂರು ರೂಪಾಯಿ ಟೂಲಿಗೆ ಒಂದು ದಿವಸ ಹಾಕೂದು ಅಂದ್ರ ಅದು ನಿಮ್ಮ ಸ್ವಂತ ಚಟಕ್ಕ ಸರಿ, ಮಾರಾಕಲ್ಲ. ರಿವೆಟ್ ಟೂಲ್ ಸಡಿಲ ಆಗಿ ಅಲ್ಲಾಡ್ತಿತ್ತಂದ್ರ ಕಮ್ಮಾರರ ಅಡಿಗಲ್ಲಿನ ಮ್ಯಾಲೆ ಇಟ್ಟು ಗುಂಡು ತಲಿ ಸುತ್ತಿಗಿಲೆ ಸಣ್ಣಸಣ್ಣ ಪೆಟ್ಟು ಕೊಟ್ಟು ಬಿಗಿ ಮಾಡೂದು ಒಂದೇ ಉಪಾಯ, ಅದನ್ನೂ ಎರಡು ಪೆಟ್ಟು ಕೊಡೂದು, ತೆರೆದು ಮುಚ್ಚಿ ನೋಡೂದು, ಮತ್ತ ಎರಡು ಪೆಟ್ಟು, ಹಂಗ ಮಾಡ್ರಿ, ಹೆಚ್ಚಾತಂದ್ರ ಬ್ಲೇಡ್ ಉಗುರಿಲೆ ಎಳದ್ರ ಹೊರಗ ಬರೂದಿಲ್ಲ, ಮತ್ತ ಅದನ್ನ ವಾಪಸ್ ಸಡಿಲ ಮಾಡೂ ದಾರಿ ಇಲ್ಲ.

ಅದಕ್ಕ ನನ್ನ ಲೆಕ್ಕ: ರಿವೆಟ್ ಇದ್ದದ್ದಕ್ಕ ಪೂರಾ ರಿಪೇರಿ ಅನ್ನೂ ಆಯ್ಕೆನೇ ಇಲ್ಲ, ತೊಳದು ಕೊಡ್ರಿ ಇಲ್ಲಾ ಇದ್ದಂಗ ಕೊಡ್ರಿ. ಸ್ಕ್ರೂ ಇದ್ದದ್ದಕ್ಕ ಮೂರೂ ದಾರಿ ತೆರೆದಾವ.

ಎರಡನೇದು ಉಕ್ಕು. ಸೋವಿ ಟೂಲ್ ಅಂದ್ಕೂಡ್ಲೆ ಎಲ್ಲಾ ಒಂದೇ ಅಂತ ತಿಳೀಬ್ಯಾಡ್ರಿ. ಬ್ಲೇಡಿನ ಬುಡದಾಗ 3ಸಿಆರ್13 ಅಂತ ಬರೆದಿದ್ರ ಆ ಹೆಸರೊಳಗೇ ಜಾತಕ ಐತಿ, ಕಾರ್ಬನ್ ಸುಮಾರು 0.3 ಪರ್ಸೆಂಟ್, ಕ್ರೋಮಿಯಂ ಸುಮಾರು 13 ಪರ್ಸೆಂಟ್. ಕ್ರೋಮಿಯಂ ಇಷ್ಟಿದ್ರ ಜಂಗ್ (ತುಕ್ಕು) ತಡ ಹಿಡಿಯೂದು, ಕಾರ್ಬನ್ ಕಡಿಮಿ ಅಂದ್ರ ಮೆತ್ತಗ, ಜಲ್ದಿ ಮೊಂಡ ಆಗೂದು, ಆದ್ರ ಸಾಣಿನೂ ಜಲ್ದಿ ಹತ್ತತೈತಿ. ಮಲ್ಟಿಟೂಲ್ ಮಾಡೋ ಲೆದರ್‌ಮನ್ ಕಂಪನಿಯ ಕಡಿಮಿ ರೇಟಿನ ಮಾಡೆಲ್‌ಗಳು, ವಿಂಗ್‌ಮನ್, ಸೈಡ್‌ಕಿಕ್, ರೆವ್ ಅಂಥಾವು, 420ಎಚ್‌ಸಿ ಉಕ್ಕಿನಾವು, ಅದರಾಗ ಕಾರ್ಬನ್ ಸ್ವಲ್ಪ ಹೆಚ್ಚು, ಧಾರ ಸ್ವಲ್ಪ ಹೆಚ್ಚು ದಿವಸ ನಿಲ್ತೈತಿ. ಬರೀ 'ಸ್ಟೇನ್‌ಲೆಸ್' ಅಂತಷ್ಟ ಬರೆದು ಬಿಟ್ಟಿದ್ರ, ಇಲ್ಲಾ ಏನೂ ಬರೆದಿಲ್ಲಂದ್ರ, ಒಂದು ಹಳೇ ರೇತಿ (ಕಬ್ಬಿಣ ತಿಕ್ಕೋ ಅರ) ಹಗೂರಕ ತಾಗಿಸಿ ನೋಡ್ರಿ, ರೇತಿ ಜಾರಿದ್ರ ಉಕ್ಕು ಗಟ್ಟಿ, ಬೆಣ್ಣಿ ತರ ಕಡೀತಂದ್ರ ಆ ಬ್ಲೇಡ್ ಲಕೋಟಿ ಹರಿಯೂದಕ್ಕಷ್ಟ.

ಇಲ್ಲಿ ಒಂದು ಮಾತು. ಈ ಸಾಮಾನು ಹುಟ್ಟಿದ್ದೇ ರಿಪೇರಿಯಿಂದ. 1975ರಾಗ ಟಿಮ್ ಲೆದರ್‌ಮನ್ ಅನ್ನೋ ಅಮೆರಿಕಾದ ಹುಡುಗ ಹಳೇ ಫಿಯಟ್ ಕಾರಿನ್ಯಾಗ ಯುರೋಪ್ ತಿರುಗಾಕ ಹೋಗಿ, ಕೆಡೋ ಕಾರು ಮತ್ತ ಸೋರೋ ಹೋಟೆಲ್ ನಳಾ ರಿಪೇರಿ ಮಾಡಾಕ ಕಿಸೆದಾಗಿನ ಚಾಕು ಸಾಲದಂಗಾಗಿ, ಚಾಕುವಿನ್ಯಾಗ ಪಕ್ಕಡ ಒಂದು ಇದ್ದಿದ್ರ ಅಂತ ಅನ್ಕೊಂಡದ್ದು, ಅದು ಮಾರುಕಟ್ಟಿಗೆ ಬಂದದ್ದು 1983ರಾಗ. ಅಂಥಾ ಸಾಮಾನನ್ನ ರಿಪೇರಿ ಮಾಡದ ಒಗದ್ರ ನನಗ ಸಂಕಟ ಆಗತೈತಿ.

ಇನ್ನ ಜಂಗಿನ ಮಾತು. ಮಂದಿ ಹೆಚ್ಚು ತಪ್ಪು ಮಾಡೂದು ಇಲ್ಲೇ, ಅದಕ್ಕ ಸ್ವಲ್ಪ ಉದ್ದ ಹೇಳ್ತೀನಿ. ಸ್ಟೇನ್‌ಲೆಸ್ ಅಂದ್ರ ಜಂಗ್ ಹಿಡಿಯೂದೇ ಇಲ್ಲ ಅಂತಲ್ಲ. ಉಕ್ಕಿನ ಮ್ಯಾಲೆ ಕ್ರೋಮಿಯಂ ಆಕ್ಸೈಡಿನ ತೆಳ್ಳನ ಪದರ ಕೂತಿರತೈತಿ, ಅದು ಒಳಗಿನದನ್ನ ಕಾಯ್ತೈತಿ, ಬೆವರು, ಉಪ್ಪು, ನಮ್ಮ ನವಲಗುಂದ ಕಡೆ ಸವಳು ನೀರು, ಇವುಗಳಾಗಿನ ಕ್ಲೋರೈಡ್ ಆ ಪದರಕ್ಕ ತೂತು ಹೊಡೀತೈತಿ. ಧಾರವಾಡದ ಜಿಟಿಜಿಟಿ ಮಳಿಗಾಲದಾಗ ಚರ್ಮದ ಚೀಲದಾಗ ಇಟ್ಟ ಟೂಲ್ ಎರಡೇ ತಿಂಗಳದಾಗ ಚುಕ್ಕಿಚುಕ್ಕಿ ಆಗೂದು ಅದಕ್ಕ. ಈಗ ಇದನ್ನ ತಗಿಯಾಕ ಕೆಲವರು ಸಂಡಾಸ ತೊಳೆಯೋ ಆಸಿಡ್ ಹಾಕ್ತಾರ. ಕೈ ಮುಗದು ಹೇಳ್ತೀನಿ, ಅದನ್ನ ಮಾಡಬ್ಯಾಡ್ರಿ. ಅದು ಹೈಡ್ರೋಕ್ಲೋರಿಕ್ ಆಸಿಡ್, ಅದರಾಗಿರೂದೇ ಕ್ಲೋರೈಡ್, ಅವತ್ತು ಫಳಫಳ ಹೊಳೀತೈತಿ, ಮುಂದ ತಗೊಂಡವನ ಮನಿಯಾಗ ಒಂದು ವಾರದಾಗ ಮೈತುಂಬ ಕುಳಿ ಬೀಳತಾವ. ಬ್ಲೀಚಿಂಗ್ ಪೌಡರ್ ನೀರೂ ಅಷ್ಟ ಕೆಟ್ಟದ್ದು.

ನಾನು ಮಾಡೂದು ಸೀದಾ ಐತಿ. ಕಿರಾಣಿ ಅಂಗಡಿಯೊಳಗ ಸಿಗೋ ನಿಂಬಿ ಉಪ್ಪು, ಅಂದ್ರ ಸಿಟ್ರಿಕ್ ಆಸಿಡ್, ಒಂದು ಲೀಟರ್ ಬೆಚ್ಚನ ನೀರಿಗೆ 50 ಗ್ರಾಂ, ಅದರಾಗ ಟೂಲ್ ಪೂರಾ ತೆರೆದು ಇಟ್ಟು ಹತ್ತ್ ಹತ್ತ್ ನಿಮಿಷಕ್ಕ ತಗದು ಹಳೇ ಹಲ್ಲಿನ ಬ್ರಷ್‌ನಿಂದ ತಿಕ್ಕಿ ನೋಡೂದು, ಅರ್ಧ ತಾಸಿನ ಮ್ಯಾಲೆ ಬಿಡೂದಿಲ್ಲ. ರಾತ್ರಿಯೆಲ್ಲಾ ನೆನೆ ಹಾಕಿ ಮುಂಜಾನೆ ನೋಡಿದ್ರ ಬ್ಲೇಡ್ ಬೂದಿ ಬಣ್ಣ ಆಗಿರತೈತಿ. ಆಮ್ಯಾಲೆ ಅಡಿಗಿ ಸೋಡಾ ನೀರಿನ್ಯಾಗ ಅದ್ದಿ, ಒಳ್ಳೆ ನೀರಿಲೆ ತೊಳದು, ಬಟ್ಟಿಲೆ ಒರೆಸಿ, ಬಿಸಲಾಗ ಇಲ್ಲಾ ಕೂದಲ ಒಣಗಿಸೋ ಮಶೀನಿನ ಗಾಳಿಗೆ ಹಿಡೀರಿ, ಜಾಯಿಂಟಿನ್ಯಾಗ ಒಂದು ಹನಿ ನೀರು ಉಳೀಬಾರ್ದು. ಕರಿ ಬಣ್ಣದ ಟೂಲ್ ಇದ್ರ ಆಸಿಡ್ ಹತ್ತಿರನೂ ತರಬ್ಯಾಡ್ರಿ, ಆ ಬ್ಲಾಕ್ ಆಕ್ಸೈಡ್ ಬಣ್ಣ ಎದ್ದು ಹೋಗತೈತಿ, ಅದಕ್ಕ ಬರೀ ಎಣ್ಣಿ ಮತ್ತ ಹಿತ್ತಾಳಿ ಬ್ರಷ್ ಸಾಕು.

ಎಣ್ಣಿ ವಿಷಯ. ಮನ್ಯಾಗ ಕುಸುಬಿ ಎಣ್ಣಿ ಇರತೈತಿ, ಅದನ್ನ ಒಂದು ಹನಿ ಬಿಟ್ರ ನಡೀತೈತಿ ಅಂತ ಅನಸ್ತೈತಿ, ಇಲ್ಲ. ಕುಸುಬಿ ಎಣ್ಣಿ ಗಾಳಿಗೆ ಒಣಗಿ ಗಟ್ಟಿ ಪದರ ಆಗೋ ಜಾತಿದು, ಅದಕ್ಕ ಅದನ್ನ ಪೇಂಟಿನ್ಯಾಗೂ ಹಾಕ್ತಾರ, ಮೂರು ತಿಂಗಳಿಗೆ ಟೂಲ್ ಅಂಟು ಹಚ್ಚಿದಂಗ ಬಿಗೀತೈತಿ. ಕೊಬ್ಬರಿ ಎಣ್ಣಿ ಸುಮಾರು 24 ಡಿಗ್ರಿ ಕೆಳಗ ಹೆಪ್ಪುಗಟ್ಟತೈತಿ, ಡಿಸೆಂಬರ್ ಮುಂಜಾನೆ ಧಾರವಾಡದಾಗ ಆ ಟೂಲ್ ತೆಗೀಲಿಕ್ಕೆ ಹಲ್ಲು ಕಡೀಬೇಕು. ಡಬ್ಲ್ಯುಡಿ-40 ಒಳ್ಳೇದು, ಆದ್ರ ಅದು ನೀರು ಓಡಸಾಕ ಮಾಡಿದ್ದು, ಹೆಸರಿನ ಡಬ್ಲ್ಯುಡಿ ಅಂದ್ರನೇ ವಾಟರ್ ಡಿಸ್‌ಪ್ಲೇಸ್‌ಮೆಂಟ್, ತೊಳದ ಮ್ಯಾಲೆ ಒಳಗಿನ ತೇವ ತಗಿಯಾಕ ಹೊಡೀರಿ, ಒರೆಸ್ರಿ, ಆಮ್ಯಾಲೆ ಹೊಲಿಗಿ ಮಶೀನಿನ ಎಣ್ಣಿ ಜಾಯಿಂಟಿಗೆ ಒಂದೊಂದೇ ಹನಿ. ಅಷ್ಟೇ ಸಾಕು, ಅದಕ್ಕಿಂತ ಹೆಚ್ಚು ಬಿಟ್ರ ಧೂಳ ಕುಂದರತೈತಿ, ಹಾವೇರಿ ಕಡೆ ಹತ್ತಿ ಹೊಲದಾಗ ಓಡಾಡವರಿಗೆ ಕೊಡೋ ಟೂಲ್ ಇದ್ರಂತೂ ಇನ್ನೂ ಕಡಿಮಿ.

ಪಕ್ಕಡದ ತಲಿ ನೋಡದ ಯಾವ ಟೂಲೂ ಮಾರಬ್ಯಾಡ್ರಿ. ಬ್ಲೇಡ್ ಮೊಂಡ ಇದ್ರ ಅವರು ಸಾಣಿ ಹಿಡ್ಕೋತಾರ, ಪಕ್ಕಡದ ತಲಿಯೊಳಗ ಬಿರುಕು ಇದ್ರ ಒತ್ತಿದಾಗ ಮುರಿದು ಕಣ್ಣಿಗೆ ಹಾರೂದು. ಮೊದಲು ಬಾಯಿ ಮುಚ್ಚಿ ಬೆಳಕಿಗೆ ಹಿಡೀರಿ, ತುದಿ ಕೂಡತಾವೋ ಇಲ್ಲೋ ಕಾಣತೈತಿ. ಬಿರುಕಿಗೆ ಒಂದು ಹಳೇ ಪರೀಕ್ಷೆ ಐತಿ, ನನಗ ಹೇಳಿಕೊಟ್ಟವರು ನಮ್ಮ ಓಣಿಯೊಳಗ ಇರೋ, ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನ್ಯಾಗ ಫಿಟರ್ ಆಗಿ ರಿಟೈರ್ ಆದ ಅಜ್ಜಾರು. ತಲಿಗೆ ಚಿಮಣಿ ಎಣ್ಣಿ ಹಚ್ಚಿ ಹದಿನೈದು ನಿಮಿಷ ಬಿಡೂದು, ಒಣ ಬಟ್ಟಿಲೆ ಚಂದಾಗಿ ಒರೆಸೂದು, ಮ್ಯಾಲೆ ಸಾಲಿ ಸುಣ್ಣಕಡ್ಡಿ ಪುಡಿ ತೆಳ್ಳಗ ಉದರಿಸೂದು. ಬಿರುಕು ಇದ್ರ ಒಳಗ ಹೋಗಿ ಕೂತ ಎಣ್ಣಿ ಮೆಲ್ಲಕ ಹೊರಗ ಬಂದು ಬಿಳಿ ಪುಡಿ ಮ್ಯಾಲೆ ಕರಿ ಗೆರಿ ಎಳೀತೈತಿ. ರೈಲ್ವೆ ಗಾಲಿ, ಆಕ್ಸಲ್‌ಗಳ ಬಿರುಕನ್ನ ಹಳೇ ಕಾಲದಾಗ ಹಿಂಗೇ ಹುಡುಕ್ತಿದ್ರಂತ, ಬಣ್ಣ ಹಚ್ಚಿ ಬಿರುಕು ಹುಡುಕೋ ಈಗಿನ ಡೈ ಪೆನಿಟ್ರೆಂಟ್ ಟೆಸ್ಟಿನ ಅಪ್ಪ ಇದು. ಗೆರಿ ಕಂಡ್ರ ಆ ಟೂಲ್ ಮಾರಾಕಲ್ಲ, ಬಿಡಿಭಾಗಕ್ಕ. ಬರೀ 'ಬಿಡಿಭಾಗಕ್ಕ' ಅಂತ ಬಾಯಿಲೆ ಹೇಳಿ ಕೊಡೂದಲ್ಲ, ಪಕ್ಕಡದ ಒಂದು ಬಾಯಿ ಹ್ಯಾಕ್ಸಾ ಬ್ಲೇಡಿಲೆ ಕೊಯ್ದೇ ಕೊಡ್ರಿ, ಯಾಕಂದ್ರ ಅದು ಮೂರನೇ ಕೈಗೆ ಹೋದಾಗ ನಿಮ್ಮ ಮಾತು ಅದರ ಜೋಡಿ ಹೋಗೂದಿಲ್ಲ.

ಈಗ ನನ್ನ ತಪ್ಪೊಂದು. ಧಾರವಾಡದಾಗ ಸಿತಾರ ಕಲಿಯೋ ಒಬ್ಬ ಹುಡುಗನಿಗೆ ಒಂದು ಟೂಲ್ ಕೊಟ್ಟಿದ್ದೆ, ತಂತಿ ಬದಲಿಸಾಕ ಮೂಗಿನ ಪಕ್ಕಡ ಬೇಕು ಅಂದಿದ್ದ, ಟೂಲ್ ನಾನೇ ತೊಳದು ಸಾಣಿ ಹಿಡಿದು ಚಂದ ಮಾಡಿದ್ದೆ. ಎಂಟು ದಿವಸಕ್ಕ ಬಂದು ತೋರಿಸಿದ, ವೈರ್ ಕಟರಿನ ಎರಡೂ ಅಂಚಿಗೆ ಅರ್ಧ ಚಂದ್ರದಂಗ ಕಚ್ಚು ಬಿದ್ದಿದ್ವು. ಸಿತಾರದ ಉಕ್ಕಿನ ತಂತಿ ನೋಡಾಕ ಕೂದಲಿನಷ್ಟು ತೆಳ್ಳಗ, ಆದ್ರ ಅದು ಎಳದು ಗಟ್ಟಿ ಮಾಡಿದ ಉಕ್ಕು, ನಮ್ಮ ಸೋವಿ ಕಟರಿಗಿಂತ ಗಟ್ಟಿ. ನಾನು ತಾಮ್ರದ ವೈರು, ಬೈಂಡಿಂಗ್ ತಂತಿ ಕಡದು ನೋಡಿ ಪಾಸ್ ಅಂದಿದ್ದೆ, ಅವನು ಏನು ಕಡೀತಾನ ಅಂತ ಕೇಳಿರಲಿಲ್ಲ. ರೊಕ್ಕ ವಾಪಸ್ ಕೊಟ್ಟೆ, ಆದ್ರ ಆ ಹುಡುಗನ ಮೊದಲ ಟೂಲ್ ಹಿಂಗಾತಲ್ಲ ಅನ್ನೂದು ಇವತ್ತಿಗೂ ಮನಸಿನ್ಯಾಗ ಐತಿ. ಅವತ್ತಿಂದ ರೇಟ್ ಹೇಳೂಕಿಂತ ಮೊದಲು ಕೇಳ್ತೀನಿ, ಯಾವ ಕೆಲಸಕ್ಕ? ಸೈಕಲ್ಲಿನ ಬ್ರೇಕ್ ಕೇಬಲ್, ಗಿಟಾರಿನ ತಂತಿ, ಸ್ಪ್ರಿಂಗ್, ಇವಕ್ಕ ಸೋವಿ ಟೂಲಿನ ಕಟರ್ ಬ್ಯಾಡ, ಬ್ಯಾರೆ ಕೇಬಲ್ ಕಟರ್ ತಗೋ ಅಂತ ಮುಖದ ಮ್ಯಾಲೆ ಹೇಳ್ತೀನಿ. ರಿಮೋಟಿಲೆ ಹಾರೋ ಆರ್‌ಸಿ ವಿಮಾನ ಮಾಡೋ ಹುಡುಗೂರು, ಮೀನಿನ ತೊಟ್ಟಿ ಇಟ್ಟವರು, ಮನಿ ಮ್ಯಾಲಿನ ತೋಟದಾಗ ಡ್ರಿಪ್ ಪೈಪ್ ಹಾಕವರು, ಇವರಿಗೆ ಅದೇ ಟೂಲ್ ವರ್ಷಾನುಗಟ್ಟಲೆ ಬರತೈತಿ.

ಸಾಣಿ ಬಗ್ಗೆ ಭಾಳ ಬರಿಯೂದಿಲ್ಲ. ಒಂದೊಂದು ಮಗ್ಗಲಿಗೂ 20 ಡಿಗ್ರಿ ಸುಮಾರು, 600 ಇಲ್ಲಾ 1000 ನಂಬರಿನ ಕಲ್ಲು ಇಲ್ಲಾ ವಾಟರ್ ಪೇಪರ್ (ನೀರು ಹಚ್ಚಿ ತಿಕ್ಕೋ ಉಜ್ಜುಕಾಗದ) ಕಾಜಿನ ಮ್ಯಾಲೆ ಹಾಸಿ, ಕಡೀಕ ಹಳೇ ಚರ್ಮದ ಬೆಲ್ಟಿಗೆ ನಾಲ್ಕು ಸಲ ಎಳೀರಿ. ಮೆತ್ತನ ಉಕ್ಕಿಗೆ 3000, 5000 ಅಂತ ಕನ್ನಡಿ ಮಾಡಿದ್ರ ಫೋಟೋಕ್ಕ ಚಂದ, ಹಗ್ಗ ಕಡಿಯೂಮುಂದ ಜಾರತೈತಿ, ಸ್ವಲ್ಪ ಹಲ್ಲು ಉಳಿದಿರೋ ಧಾರನೇ ಹಗ್ಗಕ್ಕ ಛಲೋ. ರಸ್ತೆದಾಗ ಬರೋ ಸಾಣಿಯವರ ಕಡೆ ಗಾಲಿಗೆ ಹಿಡಿಸೂದಿದ್ರ ನೀರಿನ್ಯಾಗ ಅದ್ದಿ ಅದ್ದಿ ಹಿಡಿಸ್ರಿ, ಅಂಚು ನೀಲಿ ಬಣ್ಣಕ್ಕ ತಿರುಗಿತಂದ್ರ ಅಲ್ಲಿ ಉಕ್ಕಿನ ಗಟ್ಟಿತನ ಹೋತು, ಮತ್ತ ಬರೂದಿಲ್ಲ.

ಹಂಗಾರ ಪೂರಾ ಬಿಚ್ಚಿ ಮಾಡೂದು ಯಾವಾಗ? ನನ್ನ ಅನುಭವದಾಗ ಎರಡೇ ಸಂದರ್ಭ. ಒಂದು, ಸ್ಕ್ರೂ ಇದ್ದು, ಹೆಸರಿರೋ ಕಂಪನಿದು ಇದ್ದು, ಹೊಸಾದರ ರೇಟ್ ಎರಡು ಸಾವಿರದ ಮ್ಯಾಲೆ ಐತಿ ಅಂದಾಗ. ಇನ್ನೊಂದು, ಒಂದೇ ಮಾಡೆಲ್ಲಿನ ಎರಡು ಕೆಟ್ಟ ಟೂಲ್ ಕೈಗೆ ಸಿಕ್ಕು ಎರಡನ್ನ ಕೂಡಿಸಿ ಒಂದು ಒಳ್ಳೇದು ಮಾಡಬಹುದು ಅಂದಾಗ. ಬಿಚ್ಚೂಕಿಂತ ಮೊದಲು ಮೊಬೈಲಿನ್ಯಾಗ ಒಂದೊಂದು ಹಂತಕ್ಕೂ ಫೋಟೋ ತಗೀರಿ, ತೆಳ್ಳನ ವಾಷರ್ ಯಾವ ಕಡೆ ಇತ್ತು ಅನ್ನೂದು ಕೂಡಿಸೂಮುಂದ ಯಾರಿಗೂ ನೆನಪಿರೂದಿಲ್ಲ. ಕೂಡಿಸೂಮುಂದ ಸ್ಕ್ರೂ ಎಳಿಗಳನ್ನ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲ ಆಗದಂಗ ಹಿಡಿಯೋ ಅಂಟು) ಸೂಜಿ ಮೊನಿಯಷ್ಟು ಹಚ್ಚಿ, ಒಂದು ದಿವಸ ಮುಟ್ಟದ ಬಿಡ್ರಿ. ಕೆಂಪು ಬ್ಯಾಡ, ಅದು ಕಾಯಿಸದ ಬಿಚ್ಚೂದಿಲ್ಲ, ಮುಂದಿನವರು ರಿಪೇರಿ ಮಾಡಬೇಕಂದ್ರ ನಿಮಗ ಬೈತಾರ.

ಒಂದು ಅಡ್ಡಿ ಐತಿ. ಲೆದರ್‌ಮನ್ ಅಂಥಾ ಕಂಪನಿ 25 ವರ್ಷದ ವಾರಂಟಿ ಕೊಡ್ತೈತಿ, ನೀವು ಬಿಚ್ಚಿ ಒಳಗಿನದು ಬದಲಿಸಿದ್ರ ಆ ವಾರಂಟಿ ನಂಬಿ ಕೂಡಾಕ ಬರೂದಿಲ್ಲ. ಹಂಗಾಗಿ ಅಸಲಿ ಟೂಲಿನ ಬ್ಲೇಡ್ ಮುರಿದಿತ್ತಂದ್ರ ಅದನ್ನ ಬಿಚ್ಚದ, ತೊಳದಷ್ಟ ಮಾರೂದೇ ಶ್ಯಾಣ್ಯಾತನ, ತಗೊಂಡವರು ಕಂಪನಿಗೆ ಕಳಸೂ ದಾರಿ ತೆರೆದಿರ್ಲಿ. ಹೆಸರಿಲ್ಲದ ಸೋವಿ ಟೂಲಿಗೆ ಈ ಚಿಂತಿ ಇಲ್ಲ.

ಇದ್ದಂಗ ಕೊಡೂದನ್ನ ಮಂದಿ ಕೀಳು ಅಂತ ತಿಳೀತಾರ, ನಾನು ಹಂಗ ಅನ್ನೂದಿಲ್ಲ. ನಮ್ಮ ಹವ್ಯಾಸದಾಗ ಅರ್ಧ ಮಂದಿಗೆ ಟೂಲಿಗಿಂತ ರಿಪೇರಿ ಮಾಡೂದ್ರಾಗೇ ಖುಷಿ. ಅವರಿಗೆ ಜಂಗ್ ಹಿಡಿದದ್ದನ್ನ ಕೊಟ್ಟು, ಇದು ಅಲ್ಲಾಡ್ತೈತಿ, ಕತ್ತರಿ ಸ್ಪ್ರಿಂಗ್ ಇಲ್ಲ, ಅಂತ ಹೇಳಿದ್ರ ಕಣ್ಣು ಅರಳತಾವ. ನಿಮಗ ಟೈಮ್ ಇಲ್ಲ, ಟೂಲ್ ಇದ್ದದ್ದೇ ನಾನೂರು ರೂಪಾಯಿ ಹೊಸಾದು ಸಿಗೋ ಜಾತಿದು, ಅಂದ್ರ ಇದೇ ಸರಿ. ಅರ್ಧಮರ್ಧ ತಿಕ್ಕಿ ಗೀರು ಮೂಡಿಸಿ ಕೊಡೂಕಿಂತ ಮುಟ್ಟದ ಕೊಡ್ರಿ, ತಪ್ಪು ಕಡೆ ತಿಕ್ಕಿದ ಬ್ಲೇಡ್ ಸರಿ ಮಾಡೂದು ಜಂಗ್ ತಗಿಯೂಕಿಂತ ಕಷ್ಟ.

ರೇಟ್ ಹೆಂಗ ಹಾಕೂದು ಅಂದ್ರ, ನಾನು ಇಟ್ಕೊಂಡ ಅಳತಿ ಹೇಳ್ತೀನಿ, ನಿಮಗ ಸರಿ ಅನ್ನಿಸಿದ್ರ ತಗೋರಿ. ಅದೇ ಟೂಲ್ ಇಲ್ಲಾ ಅದರಂಥಾದು ಇವತ್ತು ಹೊಸಾದು ಎಷ್ಟಕ್ಕ ಸಿಗತೈತಿ ನೋಡ್ರಿ, ಎಮ್‌ಆರ್‌ಪಿ ಅಲ್ಲ, ಖರೇ ಸಿಗೋ ರೇಟು. ಇದ್ದಂಗ ಕೊಡೂದಕ್ಕ ಅದರ ಕಾಲು ಭಾಗ, ತೊಳದು ಸಾಣಿ ಹಿಡಿದಿದ್ರ ನೂರಕ್ಕ ನಲವತ್ತು, ಪೂರಾ ಬಿಚ್ಚಿ ಮಾಡಿದ್ದಕ್ಕ ಅರ್ಧ, ಅದರ ಮ್ಯಾಲೆ ನಾನು ಯಾವತ್ತೂ ಹೋಗಿಲ್ಲ. ಹೋದ ತಿಂಗಳು 600ಕ್ಕ ಹೊಸಾದು ಸಿಗೋ ಟೂಲ್ ಒಂದು 240ಕ್ಕ ಕೊಟ್ಟೆ, ನನಗ ಬಿದ್ದದ್ದು 120, ನಿಂಬಿ ಉಪ್ಪು, ವಾಟರ್ ಪೇಪರ್, ಎಣ್ಣಿ ಕೂಡಿ 30, ಉಳಿದದ್ದು 90, ಎರಡು ತಾಸಿನ ಕೆಲಸ. ಅದನ್ನೇ ಪೂರಾ ಬಿಚ್ಚಿ ಮಾಡಿದ್ರ ಇನ್ನ 60 ಹೆಚ್ಚು ಸಿಗ್ತಿತ್ತು, ಆದ್ರ ಇನ್ನ ನಾಲ್ಕು ತಾಸು ಹೋಗ್ತಿತ್ತು. ಕೈಗೆ ಹಿಡಿದವನಿಗೆ ಗೊತ್ತಾಗೋದು ಮೂರೇ: ಸರಾಗ ತೆರೀತೈತೇನು, ಅಲ್ಲಾಡ್ತೈತೇನು, ಪೇಪರ್ ಕಡೀತೈತೇನು. ಒಳಗಿನ ವಾಷರ್ ನೀವು ಎಷ್ಟು ಹೊಳೆಸೀರಿ ಅನ್ನೂದಕ್ಕ ಯಾರೂ ರೊಕ್ಕ ಕೊಡೂದಿಲ್ಲ. ಚೀಲ ಒಂದು ಹೊಲಿಸಿ ಕೊಟ್ರ ಮಾತ್ರ ಖುಷಿಯಿಂದ ಐವತ್ತು ಹೆಚ್ಚು ಕೊಡ್ತಾರ, ನಾನು ಹಳೇ ಕ್ಯಾನ್ವಾಸ್ ಬ್ಯಾಗ್ ಹರಿದು ಟೇಲರ್ ಕಡೆ ಹೊಲಿಸ್ತೀನಿ, ಚರ್ಮದ್ದು ಬ್ಯಾಡ, ತೇವ ಹಿಡೀತೈತಿ.

ಎಲ್ಲಿ ಮಾರೂದು ಅನ್ನೂದಕ್ಕೂ ಮೂರು ದಾರಿ. ಕೈಗೆ ಕೈ ಕೊಡೂದು ನನಗ ಎಲ್ಲಾಕ್ಕಿಂತ ಮೇಲು. ರವಿವಾರ ಮುಂಜಾನೆ ಉಣಕಲ್ ಕೆರಿ ದಂಡಿಗೆ ಸೈಕಲ್ ಮಂದಿ, ಫೋಟೋ ತಗಿಯೋ ಮಂದಿ ಕೂಡಿರ್ತಾರ, ಧಾರವಾಡದವರಿಗೆ ಕೆಲಗೇರಿ ಕೆರಿ ಐತಿ, ಇಲ್ಲಾ ಹುಬ್ಬಳ್ಳಿ-ಧಾರವಾಡ ನಡುವ ಓಡೋ ಚಿಗರಿ ಬಸ್ಸಿನ ಯಾವುದಾರ ಸ್ಟಾಪಿನ್ಯಾಗ ಭೇಟಿ ಆದ್ರ ಇಬ್ಬರಿಗೂ ಹಾದಿ. ಟೂಲ್ ಅವರ ಕೈಯಾಗ ಕೊಟ್ಟು ಐದು ನಿಮಿಷ ಸುಮ್ಮನ ನಿಂದರ್ರಿ, ಅವರೇ ತೆರೀಲಿ, ಮುಚ್ಚಲಿ, ಪೇಪರ್ ಕಡೀಲಿ. ಇಲ್ಲಿ ಮಾರಿದ್ದು ವಾಪಸ್ ಬರೂದು ಕಡಿಮಿ, ಬಂದ್ರೂ ಜಗಳ ಇರೂದಿಲ್ಲ.

ಮಾರೋ ಆ್ಯಪ್‌ಗಳಾಗ ಗಿರಾಕಿ ಹೆಚ್ಚು ಸಿಗ್ತಾರ, ಆದ್ರ ಅವರು ಹವ್ಯಾಸದವರಲ್ಲ, 'ಲಾಸ್ಟ್ ಎಷ್ಟು' ಅನ್ನೂದೇ ಮೊದಲ ಮಾತು, ಟೂಲ್ ಏನು ಕೆಲಸಕ್ಕ ಅಂತ ಹೇಳೂದಿಲ್ಲ. ನನಗ ಒಂದ್ ಸಲ ಒಬ್ಬಾವ ಮಾತೂ ಆಡದ ಪೂರಾ ರೇಟಿಗೆ ಒಪ್ಪಿ, ರೊಕ್ಕ ಹಾಕ್ತೀನಿ ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡ್ರಿ ಅಂತ ಕಳಿಸಿದ್ದ. ರೊಕ್ಕ ಬರಾಕ ಸ್ಕ್ಯಾನೂ ಬೇಕಿಲ್ಲ, ಯುಪಿಐ ಪಿನ್ನೂ ಬೇಕಿಲ್ಲ, ಪಿನ್ ಹೊಡದ್ರ ರೊಕ್ಕ ಹೋಗೂದೇ, ಇದನ್ನ ಹೊಸದಾಗಿ ಮಾರೋ ಹುಡುಗೂರಿಗೆ ಮತ್ತ ಮತ್ತ ಹೇಳ್ತೀನಿ. ಎರಡು ಸಾವಿರದ ಮ್ಯಾಲಿನ ಟೂಲ್ ಇದ್ರ ಆ್ಯಪ್ ಸರಿ, ಸೋವಿಗೆ ಅದರ ತಲಿಬ್ಯಾನಿ ಬ್ಯಾಡ.

ಯಾವ ದಾರಿ ಹಿಡಿದ್ರೂ ನಕಲಿಯನ್ನ ಅಸಲಿ ಅಂತ ಮಾರಬ್ಯಾಡ್ರಿ. ಹೆಸರು ಕೊರೆದ ನಕಲಿ ಟೂಲ್ ಗುಜರಿಯೊಳಗ ಸಿಗತಾವ, ಅಕ್ಷರ ಮಸುಕು ಇರತಾವ, ಜಾಯಿಂಟ್ ಖರಖರ ಅಂತೈತಿ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ಪ್ರಕಾರ ಸುಳ್ಳು ಮಾರ್ಕಿನ ಮಾಲು ಮಾರೂದು ಅಪರಾಧ, ಅದಕ್ಕಿಂತ ಮೊದಲು ಅದು ಗೆಳೆಯನಿಗೆ ಮಾಡೋ ದ್ರೋಹ. ಬ್ಲೇಡ್ ಬಗ್ಗೆ ಅಂಜಿಕಿ ಇದ್ದವರಿಗೆ: ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯೊಳಗ ಬರೋ ಚಾಕು ಅಂದ್ರ 9 ಇಂಚಿಗಿಂತ ಉದ್ದ ಇಲ್ಲಾ 2 ಇಂಚಿಗಿಂತ ಅಗಲ ಬ್ಲೇಡ್ ಇದ್ದಾವು, ನಮ್ಮ ಟೂಲಿನ ಬ್ಲೇಡ್ ಮೂರು ಇಂಚು ದಾಟೂದು ಅಪರೂಪ. ಆದ್ರೂ ಸಾಲಿ ಹುಡುಗೂರಿಗೆ ನಾನು ಕೊಡೂದಿಲ್ಲ, ಅಪ್ಪನೋ ಅವ್ವನೋ ಜೋಡಿ ಬಂದ್ರ ಅಷ್ಟ. ವಿಮಾನದಾಗ ಹೋಗವರಿಗೆ, ಕೈಚೀಲದಾಗ ಇಟ್ರ ಹುಬ್ಬಳ್ಳಿ ಏರ್‌ಪೋರ್ಟಿನ್ಯಾಗೇ ತಗಸ್ತಾರ, ಚೆಕ್-ಇನ್ ಬ್ಯಾಗಿನ್ಯಾಗ ಹಾಕ್ರಿ ಅಂತ ಕೊಡೂಮುಂದೇ ಹೇಳಿಬಿಡ್ರಿ.

ಮೂರನೇ ದಾರಿ ಪಾರ್ಸೆಲ್, ಗದಗ, ಹಾವೇರಿ ಕಡೆಯವರಿಗೆ ಇದೇ ಗತಿ. ವಾಯವ್ಯ ಸಾರಿಗೆ ಬಸ್ಸಿನ್ಯಾಗ ಹಾಕಿದ್ರ ಅವತ್ತೇ ಮುಟ್ಟತೈತಿ, ಅವರು ಸ್ಟ್ಯಾಂಡಿಗೆ ಬಂದು ತಗೋಬೇಕು. ಸ್ಪೀಡ್ ಪೋಸ್ಟ್ ಮನಿ ಬಾಗಲಿಗೆ ಹೋಗತೈತಿ. ವಿಆರ್‌ಎಲ್ ಲಾರಿ ಕಂಪನಿ 1976ರಾಗ ಗದಗಿನ್ಯಾಗ ಒಂದು ಲಾರಿಯಿಂದ ಶುರುವಾದದ್ದು ಅಂತ ನಮ್ಮ ಕಡೆ ಎಲ್ಲಾರಿಗೂ ಅಭಿಮಾನ, ಆದ್ರ ಕಾಲು ಕಿಲೋದ ಡಬ್ಬಿಗೆ ಲಾರಿ ಪಾರ್ಸೆಲ್ ಯಾಕ, ಹತ್ತಿಪ್ಪತ್ತು ಟೂಲ್ ಒಮ್ಮಿಗೆ ಕಳಸೂದಿದ್ರ ಮಾತ್ರ. ಚೂಪು ಸಾಮಾನು ಸರಿಯಾಗಿ ಮುಚ್ಚದ ಅಂಚೆಗೆ ಹಾಕಬಾರದು ಅಂತ 1898ರ ಅಂಚೆ ಕಾಯ್ದೆಯೊಳಗೇ ಬರೆದಿತ್ತು, ಆ ಕಾಯ್ದೆ ಈಗ ಬದಲಾಗೈತಿ, ಚೀಲ ಹೊರೋ ಪೋಸ್ಟ್‌ಮ್ಯಾನ್ ಕೈ ಮಾತ್ರ ಅದೇ ಕೈ. ಟೂಲ್ ಪೂರಾ ಮುಚ್ಚಿ, ಹಿಡಿಕಿಗೆ ಎರಡು ಸುತ್ತು ಟೇಪ್ ಹಚ್ಚಿ, ಎಣ್ಣಿ ಹಚ್ಚಿದ ಪೇಪರ್ ಸುತ್ತಿ, ಗಟ್ಟಿ ರಟ್ಟಿನ ಡಬ್ಬಿಯೊಳಗ ಅಲ್ಲಾಡದಂಗ ಇಡ್ರಿ. ಡಬ್ಬಿಯೊಳಗ ಒಂದು ಚೀಟಿನೂ ಹಾಕ್ರಿ, ಏನೇನು ರಿಪೇರಿ ಮಾಡೀನಿ, ಏನು ಹಂಗೇ ಉಳದೈತಿ, ಯಾವ ತಂತಿ ಕಡೀಬಾರ್ದು, ಯಾವ ಎಣ್ಣಿ ಬಿಡಬೇಕು, ಹದಿನೈದು ದಿವಸದೊಳಗ ಬ್ಯಾಡ ಅನ್ನಿಸಿದ್ರ ಪಾರ್ಸೆಲ್ ಖರ್ಚು ಬಿಟ್ಟು ಪೂರಾ ರೊಕ್ಕ ವಾಪಸ್, ಅಂತ. ಹೋದ ವರ್ಷ ಬ್ಯಾಡಗಿಯಿಂದ ಒಂದು ಟೂಲ್ ವಾಪಸ್ ಬಂತು, ಅದರ ಜೋಡಿ ನನ್ನ ಚೀಟಿನೂ ಇತ್ತು, ಕೆಳಗ ಅವರು ಪೆನ್ಸಿಲ್‌ನಿಂದ 'ಕತ್ತರಿ ಸ್ಪ್ರಿಂಗ್ ಮೆತ್ತಗ ಐತಿ, ಇದನ್ನೊಂದು ಸರಿ ಮಾಡಿ ಮತ್ತ ನನಗೇ ಕಳಸ್ರಿ' ಅಂತ ಬರೆದಿದ್ರು.